ಘಮ ಹಾಕದೆ ಕಯೋಟಿ ಹಿಡಿಯೋದು: ಜಾಡಲ್ಲಿ ಟ್ರ್ಯಾಪ್ ಇಡೋಕೆ ಜಾಗ ಹುಡುಕೋ ಬಗೆ

ಟೆಕ್ಸಾಸ್‌ನ ಹಿಲ್ ಕಂಟ್ರಿ ಕಡೆ ನಮ್ಮ ಮನೆ ಪಕ್ಕದ ರ‍್ಯಾಂಚಿನ ಯಜಮಾನರದ್ದು ಕುರಿ ಮೇಕೆ ಸೇರಿ ದೊಡ್ಡ ಮಂದೆ. ನಾನು ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಶನಿವಾರ ಬಂತು ಅಂದ್ರೆ ಅವರ ಹಿಂದೆ ಬಿದ್ದು ತಿರುಗೋನು. ಶಿರಾ ಸೀಮೆಲಿ ಹುಟ್ಟಿ ಕುರಿ ಹಟ್ಟಿ ಪಕ್ಕದಲ್ಲೇ ಬೆಳೆದೋನಿಗೆ ಆ ವಾಸನೆ ಬೇಕು ಅನ್ಸುತ್ತೆ, ಏನ್ಮಾಡೋದು. ಮರಿ ಹಾಕೋ ಕಾಲದಲ್ಲಿ ದಿನಾ ಒಂದೊಂದು ಮರಿ ಕಾಣೆ ಆಗೋಕೆ ಶುರುವಾದಾಗ ನಾನು ಉತ್ಸಾಹದಲ್ಲಿ ನಾಲ್ಕು ಟ್ರ್ಯಾಪ್, ಅಂದ್ರೆ ತುಳಿದ್ರೆ ಕಾಲು ಹಿಡ್ಕೊಳ್ಳೋ ಕಬ್ಬಿಣದ ದವಡೆ, ಕೊಂಡು ತಂದೆ. ಅವರು ಅದನ್ನ ನೋಡಿ ಹೇಳಿದ್ದು ಇಷ್ಟೇ, ಕಬ್ಬಿಣ ಆಮೇಲೆ ತಗೊಂಡ್ ಬಾ, ಮೊದ್ಲು ಬರಿಗೈಲಿ ನಡ್ಕೊಂಡ್ ಬಾ ಅಂತ. ಆಗ ಬೇಜಾರಾಯ್ತು, ಈಗ ಅದನ್ನೇ ನಾನೂ ಹೇಳ್ತೀನಿ.

ಕಯೋಟಿ ಅಂದ್ರೆ ಗೊತ್ತಿಲ್ದೆ ಇರೋರಿಗೆ: ನಮ್ಮ ನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಸಣ್ಣದು, ನಾಯಿ ಜಾತಿದೇ. ಅಮೆರಿಕದಲ್ಲಿ ಹವಾಯಿ ಬಿಟ್ರೆ ಎಲ್ಲಾ ರಾಜ್ಯದಲ್ಲೂ ಇದೆ, ಊರೊಳಗೂ ಓಡಾಡುತ್ತೆ. ಇದನ್ನ ಹಿಡಿಯೋಕೆ ಜನ ಸಾಮಾನ್ಯವಾಗಿ ಮಾಡೋದು ಗುಂಡಿ ಸೆಟ್, ಅಂದ್ರೆ ಒಂದು ಸಣ್ಣ ಬಿಲ ತೋಡಿ ಅದ್ರೊಳಗೆ ಮಾಂಸ ಇಲ್ಲಾ ವಾಸನೆ ಎಣ್ಣೆ ಹಾಕಿ ಬಾಯಲ್ಲಿ ಟ್ರ್ಯಾಪ್ ಹೂಳೋದು. ಟ್ರೇಲ್ ಸೆಟ್‌ನಲ್ಲಿ ಅದ್ಯಾವುದೂ ಇಲ್ಲ. ಎರೆ ಇಲ್ಲ, ವಾಸನೆ ಇಲ್ಲ, ಅದು ದಿನಾ ನಡೆಯೋ ಜಾಡಲ್ಲೇ ಸುಮ್ನೆ ಟ್ರ್ಯಾಪ್ ಮುಚ್ಚಿಡೋದು. ಗುಂಡಿ ಸೆಟ್ ಹತ್ತು ಅಡಿ ಆಚೆ ಇದ್ರೂ ವಾಸನೆ ಕಯೋಟಿನ ಎಳ್ಕೊಂಡು ಬರುತ್ತೆ, ಇಲ್ಲಿ ನಾಲ್ಕು ಇಂಚು ತಪ್ಪಿದ್ರೆ ಅದು ಪಕ್ಕದಲ್ಲೇ ಕಾಲಿಟ್ಟು ಹೋಗುತ್ತೆ, ನಿಮ್ಗೆ ಗೊತ್ತೂ ಆಗಲ್ಲ. ಹಾಗಿದ್ದ ಮೇಲೆ ಯಾಕೆ ಮಾಡ್ಬೇಕು ಅಂದ್ರೆ, ಒಂದ್ಸಲ ಗುಂಡಿ ಸೆಟ್‌ನಿಂದ ತಪ್ಪಿಸ್ಕೊಂಡ ಹಳೇ ಕಯೋಟಿ ವಾಸನೆ ಬಂದ್ರೇನೇ ದೂರ ಸರಿಯುತ್ತೆ, ಮರಿ ಹೊತ್ಕೊಂಡ್ ಹೋಗ್ತಿರೋದು ಎಷ್ಟೋ ಸಲ ಅಂಥದ್ದೇ ಆಗಿರುತ್ತೆ.

ಮೊದಲು ಕಾನೂನು, ಬೇಗ ಮುಗಿಸ್ತೀನಿ

ಊರಲ್ಲಿ ಕೂತು ಓದ್ತಿರೋರಿಗೆ ಒಂದು ಮಾತು. ಇದು ಅಲ್ಲಿಗಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೋನು, ಉರುಳು ಹಾಕಿ ಹಿಡಿಯೋದೂ ಬೇಟೆನೇ, ನರಿ ತೋಳ ಎರಡೂ ರಕ್ಷಿತ ಪ್ರಾಣಿ. ಹಂದಿಗೆ ಅಂತ ತೋಟದ ಬೇಲಿಗೆ ಕಟ್ಟಿದ ಉರುಳಲ್ಲಿ ಚಿರತೆ ಸಿಕ್ಕು ಒದ್ದಾಡೋದನ್ನ ಪೇಪರಲ್ಲಿ ನೋಡ್ತಾನೇ ಇರ್ತೀವಲ್ಲ.

ಅಮೆರಿಕದಲ್ಲೂ ಎಲ್ಲಾ ಕಡೆ ಒಂದೇ ಥರ ಇಲ್ಲ. ಮ್ಯಾಸಚೂಸೆಟ್ಸ್, ಕೊಲರಾಡೊ 1996ರಲ್ಲಿ, ಕ್ಯಾಲಿಫೋರ್ನಿಯಾ 1998ರಲ್ಲಿ ಕಾಲಿಗೆ ಹಾಕೋ ಕಬ್ಬಿಣದ ಟ್ರ್ಯಾಪನ್ನ ವೋಟ್ ಹಾಕಿಯೇ ಹೆಚ್ಚುಕಮ್ಮಿ ನಿಲ್ಲಿಸಿಬಿಟ್ವು. ನ್ಯೂ ಮೆಕ್ಸಿಕೊದಲ್ಲಿ 2022ರಿಂದ ಸರ್ಕಾರಿ ಜಮೀನಲ್ಲಿ ಇಡೋ ಹಾಗಿಲ್ಲ. ಪೆನ್ಸಿಲ್ವೇನಿಯಾದಲ್ಲಿ 36 ಗಂಟೆಯೊಳಗೆ ಹೋಗಿ ನೋಡ್ಲೇಬೇಕು, ಟ್ರ್ಯಾಪಿಗೆ ಹೆಸರಿನ ತಗಡು ಕಟ್ಟಿರ್ಬೇಕು. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ಪುಸ್ತಕ ತೆಗೆದು ಓದಿ, ಹೋದ ವರ್ಷದ್ದಲ್ಲ. ಟೆಕ್ಸಾಸಲ್ಲಿ ಜಮೀನೆಲ್ಲ ಹೆಚ್ಚುಕಮ್ಮಿ ಖಾಸಗಿ, ಹಾಗಾಗಿ ಯಜಮಾನರ ಅನುಮತಿ ಬೇಕೇ ಬೇಕು, ಜಾಗ ಗಡಿ ಬೇಲಿ ಹತ್ರ ಇದ್ರೆ ಆಚೆಯವರಿಗೂ ಒಂದು ಮಾತು ಹೇಳಿ, ಅವರ ನಾಯಿ ಈ ಕಡೆ ಬರಲ್ಲ ಅಂತ ಯಾರು ಹೇಳೋರು.

ಕೊಂದದ್ದು ಕಯೋಟಿನೇನಾ?

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ಸತ್ತ ಮರಿ ಸಿಕ್ರೆ ಕುತ್ತಿಗೆ ಹತ್ರ ಚರ್ಮ ಸುಲಿದು ನೋಡಿ. ಕಯೋಟಿ ಗಂಟಲಿಗೇ ಬಾಯಿ ಹಾಕುತ್ತೆ, ಹಲ್ಲಿನ ತೂತು, ಒಳಗೆ ಹೆಪ್ಪುಗಟ್ಟಿದ ರಕ್ತ ಕಾಣುತ್ತೆ. ಊರ ನಾಯಿಗಳಾದ್ರೆ ಹಿಂದಿನ ತೊಡೆ, ಕಿವಿ, ಪಕ್ಕೆ ಅಂತ ಎಲ್ಲೆಂದ್ರಲ್ಲಿ ಹರಿದು ಹಾಕಿರ್ತವೆ, ತಿಂದಿರೋದು ಕಮ್ಮಿ. ರಕ್ತ ಹೆಪ್ಪುಗಟ್ಟಿರೋ ಗುರುತೇ ಇಲ್ಲ ಅಂದ್ರೆ ಮರಿ ಮೊದಲೇ ಸತ್ತಿತ್ತು, ಕಯೋಟಿ ಬಂದು ತಿಂದಿದೆ ಅಷ್ಟೇ. ಅಮೆರಿಕದಲ್ಲಿ ಕಾಡುಪ್ರಾಣಿ ಬಾಯಿಗೆ ಹೋಗೋ ಕುರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಯೋಟಿದೇ ಲೆಕ್ಕ ಅನ್ನೋದು ನಿಜ. ಆದ್ರೆ ನಿಮ್ಮ ಹೊಲದ ಮರಿ ಯಾವ ಲೆಕ್ಕದ್ದು ಅಂತ ನೀವೇ ನೋಡ್ಬೇಕು. ಕಯೋಟಿನೆಲ್ಲ ಹಿಡಿದು ಮುಗಿಸ್ತೀನಿ ಅಂತ ಹೊರಟೋರು ಯಾರೂ ಗೆದ್ದಿಲ್ಲ, ಖಾಲಿಯಾದ ಜಾಗಕ್ಕೆ ಹೊಸದು ಬಂದು ಸೇರುತ್ತೆ. ಬೇಕಾಗಿರೋದು ಮಂದೆಗೆ ಬಾಯಿ ಹಾಕೋ ಆ ಒಂದೋ ಎರಡೋ. ಅವು ಎಲ್ಲಿಂದ ಬರ್ತವೆ ಅನ್ನೋದೇ ಮುಂದಿನ ಪ್ರಶ್ನೆ.

ಮನೇಲಿ ಕೂತು ಮಾಡೋ ಕೆಲಸ

ಫೋನಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆದು ಆ ಜಮೀನನ್ನ ಮೇಲಿಂದ ನೋಡಿ. ಕಾಗದದ ಮೇಲೆ ಬೇಲಿ ಎಲ್ಲಿ, ಗಾಡಿ ದಾರಿ ಎಲ್ಲಿ, ಒಣಹಳ್ಳ ಎಲ್ಲಿ, ಮಂದೆ ರಾತ್ರಿ ಮಲಗೋದೆಲ್ಲಿ, ನೀರೆಲ್ಲಿ ಅಂತ ಗೀಚ್ಕೊಳ್ಳಿ. ಇಲ್ಲಿ ದನಕ್ಕೆ ನೀರು ನಿಲ್ಲಿಸೋ ಕಟ್ಟೆಗೆ ಟ್ಯಾಂಕ್ ಅಂತಾರೆ, ನಮ್ಮಲ್ಲಿ ಇಂಗ್ಲಿಷರು ಕೆರೆಗೆ ಟ್ಯಾಂಕ್ ಅಂತಿದ್ರಲ್ಲ ಹಂಗೇನೇ, ಮೊದಲ್ನೇ ಸಲ ಕೇಳಿದಾಗ ನಗು ಬಂತು. ಆಮೇಲೆ ದಟ್ಟ ಪೊದೆ ಮುಗಿದು ಬಯಲು ಶುರುವಾಗೋ ಅಂಚನ್ನ ಒಂದು ಗೆರೆ ಎಳೀರಿ. ಕಯೋಟಿ ಆ ಅಂಚು ಹಿಡ್ಕೊಂಡೇ ಓಡಾಡೋದು ಜಾಸ್ತಿ, ಇಲಿ ಮೊಲ ಸಿಗೋದೂ ಅಲ್ಲೇ, ಏನಾದ್ರೂ ಬಂದ್ರೆ ನುಗ್ಗೋಕೆ ಪೊದೆನೂ ಪಕ್ಕದಲ್ಲೇ.

ಈ ಗೆರೆಗಳು ಎಲ್ಲೆಲ್ಲಿ ಒಂದನ್ನೊಂದು ಕತ್ತರಿಸ್ತವೋ ಅಲ್ಲಿ ಸುತ್ತು ಹಾಕಿ. ಹಳ್ಳ ಬೇಲಿ ಕೆಳಗೆ ಹಾಯೋ ಜಾಗ, ಗಾಡಿ ದಾರಿ ಎರಡಾಗಿ ಒಡೆಯೋ ಜಾಗ, ಎರಡು ಗುಡ್ಡದ ನಡುವಿನ ತಗ್ಗು, ಕಟ್ಟೆ ಏರಿ. ಕಯೋಟಿನೂ ನಮ್ಮ ಥರಾನೇ ಸೋಮಾರಿ, ಗುಡ್ಡ ದಾಟ್ಬೇಕು ಅಂದ್ರೆ ನೆತ್ತಿ ಹತ್ತಲ್ಲ, ತಗ್ಗಲ್ಲೇ ನುಸುಳುತ್ತೆ. ಕಟ್ಟೆ ಏರಿ ಇದ್ರೆ ನೀರಿಗಿಳಿಯಲ್ಲ, ಏರಿ ಮೇಲೇ ಹೋಗುತ್ತೆ. ನಾನು ಹತ್ತು ಸುತ್ತು ಹಾಕಿದ್ರೆ ಕೊನೆಗೆ ಕೈಗೆ ಬರೋದು ಎರಡೋ ಮೂರೋ.

ನಡೆಯೋದು

ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳೋ ಹೊತ್ತಲ್ಲಿ ಹೋಗಿ, ಸೂರ್ಯನ ಕಡೆ ಮುಖ ಮಾಡಿ ನೆಲ ನೋಡಿ, ಹೆಜ್ಜೆ ನೆರಳು ಬಿದ್ದು ಎದ್ದು ಕಾಣುತ್ತೆ. ಮಧ್ಯಾಹ್ನ ಹೋದ್ರೆ ಅದೇ ನೆಲ ಚಪ್ಪಟೆ ಕಾಣುತ್ತೆ. ಇಲ್ಲಿ ಸುಣ್ಣಕಲ್ಲಿನ ನೆಲ, ಬಿಳಿ ಪುಡಿಮಣ್ಣಿನ ದಾರಿ, ಹೆಜ್ಜೆ ಚೆನ್ನಾಗಿ ಕೂರುತ್ತೆ. ಪಕ್ಕದಲ್ಲೆಲ್ಲ ಮೆಸ್ಕೀಟ್ ಗಿಡ, ಅದು ನಮ್ಮ ಬಳ್ಳಾರಿ ಜಾಲಿಯ ಅಣ್ಣತಮ್ಮಂದೇ, ಮುಳ್ಳು ಅದೇ ಕಾಯಿ ಅದೇ, ಜೊತೆಗೆ ಪಾಪಾಸುಕಳ್ಳಿ. ಕಣ್ಣು ಅರ್ಧ ಮುಚ್ಚಿ ನೋಡಿದ್ರೆ ಹಿರಿಯೂರು ರೋಡಲ್ಲಿ ಇದೀನಿ ಅನ್ಸುತ್ತೆ.

ಕಯೋಟಿ ಹೆಜ್ಜೆ ಕೋಳಿಮೊಟ್ಟೆ ಥರ ಉದ್ದುದ್ದ, ಆರೂವರೆ ಸೆಂಟಿಮೀಟರ್ ಆಸುಪಾಸು, ಬೆರಳು ಒತ್ತೊತ್ತಾಗಿ, ಉಗುರು ಕಂಡ್ರೆ ಮುಂದಿನ ಎರಡು ಬೆರಳದ್ದು ನೇರ ಮುಂದಕ್ಕೆ. ನಾಯಿದು ದುಂಡಗೆ ಹರಡ್ಕೊಂಡು, ಉಗುರು ನಾಲ್ಕೂ ಕಡೆ ಚುಚ್ಚಿರುತ್ತೆ. ಬಾಬ್‌ಕ್ಯಾಟ್‌ದು ದುಂಡು, ಉಗುರೇ ಇರಲ್ಲ, ಬೆಕ್ಕಲ್ವಾ. ಆದ್ರೆ ಒಂದು ಹೆಜ್ಜೆ ನೋಡಿ ತೀರ್ಮಾನ ಮಾಡೋಕಿಂತ ಇಪ್ಪತ್ತು ಹೆಜ್ಜೆ ಸಾಲು ನೋಡಿ. ನಾಯಿ ಕುಡಿದೋರ ಥರ ಆ ಕಡೆ ಈ ಕಡೆ, ಮೂಸ್ಕೊಂಡು, ಸುತ್ಕೊಂಡು ಹೋಗಿರುತ್ತೆ. ಕಯೋಟಿ ಕೆಲಸಕ್ಕೆ ಹೊರಟೋರ ಥರ ನೇರ, ಮುಂಗಾಲಿಟ್ಟ ಜಾಗದಲ್ಲೇ ಹಿಂಗಾಲು ಇಟ್ಟು, ದಾರ ಹಿಡಿದ ಹಾಗೆ ಒಂದೇ ಸಾಲು. ಟ್ರೇಲ್ ಸೆಟ್ ಕೆಲಸ ಮಾಡೋದೇ ಈ ಒಂದು ಅಭ್ಯಾಸದಿಂದ.

ದಾರಿ ಕೂಡೋ ಜಾಗದಲ್ಲಿ ಅದರ ಕಕ್ಕನೂ ಬಿದ್ದಿರುತ್ತೆ, ತಿರುಚಿದ ಹಗ್ಗದ ಥರ, ತುದಿ ಚೂಪು, ಒಳಗೆ ಕೂದಲು ಮೂಳೆ ಚೂರು. ಬೇಸಿಗೆ ಕೊನೇಲಿ ಕಳ್ಳಿಹಣ್ಣು ತಿಂದು ಬೀಜ ಬೀಜ ಹಾಕಿರುತ್ತೆ. ಕೈಯಲ್ಲಿ ಮುಟ್ಬೇಡಿ, ಕಡ್ಡೀಲಿ ಕೆದಕಿ ನೋಡಿ. ಹಳೇದು ಹೊಸದು ಎರಡೂ ಒಂದೇ ಕಡೆ ಇದ್ರೆ ಆ ದಾರಿ ತಿಂಗಳುಗಟ್ಟಲೆಯಿಂದ ಬಳಕೇಲಿದೆ ಅಂತ ಅರ್ಥ, ನನ್ನ ಪ್ರಕಾರ ಹತ್ತು ಹೆಜ್ಜೆಗಿಂತ ಅದು ಮೇಲು.

ಅನುಮಾನ ಇರೋ ಕಡೆ ಒಂದು ಕೆಲಸ ಮಾಡಿ. ಸಂಜೆ ಒಂದು ಸೊಪ್ಪಿನ ಕೊಂಬೆಯಿಂದ ಜಾಡನ್ನ ಎರಡು ಮಾರು ಗುಡಿಸಿ ಬನ್ನಿ, ಬೆಳಿಗ್ಗೆ ಹೋಗಿ ನೋಡಿ. ಮೂರು ದಿನ ಹೀಗೆ ಮಾಡಿದ್ರೆ ಯಾರ್ಯಾರು ಬರ್ತಾರೆ, ಯಾವ ಕಡೆಯಿಂದ ಬರ್ತಾರೆ, ಎಲ್ಲಿ ಕಾಲಿಡ್ತಾರೆ ಎಲ್ಲಾ ನೆಲವೇ ಹೇಳುತ್ತೆ. ಕ್ಯಾಮೆರಾ ಕಟ್ಟೋರು ಕಟ್ಟಿ, ಬೇಡ ಅನ್ನಲ್ಲ, ಆದ್ರೆ ಕ್ಯಾಮೆರಾ ಕಯೋಟಿ ಬಂತು ಅಂತ ಮಾತ್ರ ಹೇಳುತ್ತೆ, ಕಾಲು ಎಲ್ಲಿಟ್ಟಿತು ಅಂತ ಹೇಳಲ್ಲ. ಗುಡಿಸೋದಕ್ಕೆ ದುಡ್ಡೂ ಇಲ್ಲ.

ಜಾಡೊಳಗಿನ ಇಕ್ಕಟ್ಟು

ಜಾಡು ಸಿಕ್ತು ಅಂತ ಅಲ್ಲೇ ತೋಡ್ಬೇಡಿ. ಆರು ಅಡಿ ಅಗಲದ ದಾರಿಲಿ ಕಯೋಟಿ ಎಲ್ಲಿ ಬೇಕಾದ್ರೂ ಕಾಲಿಡಬಹುದು. ಅದೇ ಜಾಡು ಹಿಡಿದು ಮುಂದೆ ನಡೀರಿ, ಎಲ್ಲೋ ಒಂದು ಕಡೆ ಒಂದು ಗೇಣಿಗೆ ಕಿರಿದಾಗುತ್ತೆ: ಎರಡು ಬಂಡೆ ನಡುವೆ, ಕಳ್ಳಿ ಪೊದೆ ಪಕ್ಕದಲ್ಲಿ, ಹಳ್ಳದ ದಡ ಹತ್ತೋ ಕಡೆ. ಅದೇ ಬೇಕಾಗಿರೋದು.

ಗಾಡಿ ದಾರಿಲಿ ಕಯೋಟಿ ಆರಾಮಾಗಿ ನಡೆಯುತ್ತೆ, ಹೆಜ್ಜೆ ಸಾಲು ಕಂಡು ಬಾಯಲ್ಲಿ ನೀರು ಬರುತ್ತೆ. ಅಲ್ಲಿ ಇಡ್ಬೇಡಿ. ನಾನು ಮೊದಲನೇ ಟ್ರ್ಯಾಪನ್ನ ಚಕ್ರದ ಜಾಡಲ್ಲೇ ಇಟ್ಟು ಮರುದಿನ ನನ್ನ ಪಿಕಪ್ ಅನ್ನೇ ಅದರ ಮೇಲೆ ಹತ್ತಿಸಿದೋನು. ದಾರಿ ಬಿಟ್ಟು ಪೊದೆಗೆ ಇಳಿಯೋ ಜಾಗ ಹುಡುಕಿ. ದಾರಿ ತಿರುವಲ್ಲಿ ಅದು ಒಳಮೂಲೆ ಕತ್ತರಿಸ್ಕೊಂಡು ಹೋಗೋದು ಜಾಸ್ತಿ, ಅಲ್ಲೊಂದು ಸಣ್ಣ ಕಾಲುದಾರಿ ಬಿದ್ದಿರುತ್ತೆ, ದಾರಿಯಿಂದ ನಾಲ್ಕೈದು ಅಡಿ ಒಳಗೆ ಅದು ಒಳ್ಳೇ ಜಾಗ.

ಬೇಲಿ ಕೆಳಗಿನ ಕಂಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಮೊದಲು ಓಡೋದು ಅಲ್ಲಿಗೇ. ಕುರಿ ಸೀಮೆಲಿ ಬಲೆ ಥರದ ತಂತಿ ಬೇಲಿ, ಕಯೋಟಿ ಅದರ ಕೆಳಗೆ ಕೆರೆದು ನುಸುಳೋ ದಾರಿ ಮಾಡ್ಕೊಂಡಿರುತ್ತೆ. ತಂತಿಗೆ ಸಿಕ್ಕಿರೋ ಕೂದಲು ನೋಡಿ, ಬೂದು ಬಣ್ಣ ಕಪ್ಪು ತುದಿ ಮೆತ್ತಗಿದ್ರೆ ಕಯೋಟಿ, ದಪ್ಪ ಬಿರುಸು ಕೂದಲು ಜೊತೆಗೆ ಕೆಸರು ಇದ್ರೆ ಕಾಡುಹಂದಿ. ಕಂಡಿ ಸಿಕ್ಕ ಖುಷಿಗೆ ತಂತಿ ನೇರ ಕೆಳಗೇ ಟ್ರ್ಯಾಪ್ ಇಡೋದು ಎರಡು ಕಾರಣಕ್ಕೆ ತಪ್ಪು. ಒಂದು, ಅಲ್ಲಿ ಅದು ಹೊಟ್ಟೆ ಎಳ್ಕೊಂಡು ತೂರುತ್ತೆ, ಕಾಲು ಎಲ್ಲಿ ಬೀಳುತ್ತೆ ಅನ್ನೋ ಲೆಕ್ಕ ಇಲ್ಲ, ಎದೆ ತಾಗಿ ಟ್ರ್ಯಾಪ್ ಸುಮ್ನೆ ಹೊಡ್ಕೊಂಡುಬಿಡುತ್ತೆ. ಎರಡು, ಸಿಕ್ಕ ಪ್ರಾಣಿ ತಂತಿಗೆ ಸುತ್ಕೊಂಡು ಕಾಲು ಮುರ್ಕೊಳ್ಳುತ್ತೆ, ಅದು ಬರೀ ಹಿಂಸೆ. ಕಂಡಿಯಿಂದ ಹಿಂದಕ್ಕೆ ಬನ್ನಿ, ಟ್ರ್ಯಾಪಿಗೆ ಕಟ್ಟಿರೋ ಸರಪಳಿ ಪೂರ್ತಿ ಚಾಚಿದ್ರೂ ಬೇಲಿ ಮುಟ್ಟದಷ್ಟು ದೂರಕ್ಕೆ, ಜಾಡು ಇನ್ನೂ ಕಿರಿದಾಗೇ ಇರೋ ಕಡೆ. ಅಂಗೈಯಗಲದ ಕಂಡಿ ನೋಡಿ ಮೋಸ ಹೋಗ್ಬೇಡಿ ಮತ್ತೆ. ನಾನು ಮೂರು ವಾರ ಕಾದು ಕಾದು ಕೊನೆಗೆ ಸಿಕ್ಕಿದ್ದು ಆರ್ಮಡಿಲ್ಲೊ, ನಮ್ಮ ಚಿಪ್ಪುಹಂದಿ ನೆನಪು ಮಾಡೋ ಪ್ರಾಣಿ, ಕಾಲು ಬಿಡಿಸಿ ಕಳಿಸಿದ್ದಾಯ್ತು.

ಕೊನೇ ಗೇಣು

ಈಗ ಇಕ್ಕಟ್ಟಿನ ಜಾಗ ಇದೆ. ಟ್ರ್ಯಾಪಿನ ದವಡೆ ಅಗಲ ಐದೂವರೆ ಇಂಚು ಆಸುಪಾಸು, ಅದರ ನಡುವಿನ ತುಳಿ ಹಲಗೆ, ಪ್ಯಾನ್ ಅಂತಾರೆ, ಎರಡು ಇಂಚು ಇದ್ರೆ ಹೆಚ್ಚು. ಕಯೋಟಿ ಕಾಲು ಆ ಎರಡು ಇಂಚಿನ ಮೇಲೆ ಬೀಳಬೇಕು.

ಜಾಡಲ್ಲಿ ಆಗಲೇ ಬಿದ್ದಿರೋ ಒಂದು ಬೇರು, ಕಡ್ಡಿ, ಕಲ್ಲು ಹುಡುಕಿ. ಕಯೋಟಿ ಅದನ್ನ ದಾಟಿದ ಮೇಲೆ ಹೆಜ್ಜೆ ಎಷ್ಟು ದೂರಕ್ಕೆ ಬಿದ್ದಿದೆ ಅಂತ ಕೈಯಲ್ಲಿ ಅಳೆದು ನೋಡಿ. ಪುಸ್ತಕದ ಅಳತೆ ಬೇಡ, ಆ ಜಾಡಲ್ಲಿ ಆ ಕಯೋಟಿ ಏನು ಮಾಡ್ತಿದೆಯೋ ಅದೇ ಅಳತೆ. ನನಗೆ ಸಾಮಾನ್ಯವಾಗಿ ಎಂಟು ಒಂಬತ್ತು ಇಂಚು ಬರುತ್ತೆ, ಇಳಿಜಾರಲ್ಲಿ ಜಾಸ್ತಿ. ಪ್ಯಾನ್ ಬರ್ಬೇಕಾಗಿರೋದು ಅಲ್ಲೇ. ಕಡ್ಡಿ ಇಲ್ದೆ ಇದ್ರೆ ಅಲ್ಲೇ ಸುತ್ತಮುತ್ತ ಬಿದ್ದಿರೋ ಹೆಬ್ಬೆರಳು ದಪ್ಪದ್ದು ಒಂದನ್ನ ಅಡ್ಡ ಇಡಿ. ಎರಡೂ ಕಡೆಯಿಂದ ಓಡಾಡೋ ಜಾಡಾದ್ರೆ ಆ ಕಡೆಗೂ ಒಂದು. ನಾಯಿ ಜಾತಿ ಕಡ್ಡಿ ಮೇಲೆ, ಚೂಪು ಕಲ್ಲಿನ ಮೇಲೆ ಕಾಲಿಡಲ್ಲ, ಮಣ್ಣು ನುಣ್ಣಗಿರೋ ಕಡೆಗೇ ಇಡುತ್ತೆ. ಪ್ಯಾನ್ ಎಡಬಲಕ್ಕೆ ಎರಡು ಸಣ್ಣ ಕಲ್ಲು ಅಂದ್ರೆ ಸಾಕು. ಇದೆಲ್ಲ ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು, ಹೊಸಬರು ರಂಗೋಲಿಗೆ ಅಂಚು ಕಟ್ಟಿದ ಹಾಗೆ ಕಲ್ಲು ಜೋಡಿಸ್ತಾರೆ, ಕಯೋಟಿ ನಿಂತು ನೋಡಿ ಸುತ್ತು ಹಾಕಿ ಹೋಗುತ್ತೆ.

ಮೂರು ದಿನ ಮೊದಲೇ ಕಡ್ಡಿ ಮಾತ್ರ ಇಟ್ಟು ಬರಿ ಮಣ್ಣು ಗುಡಿಸಿಟ್ಟು ನೋಡಿ. ಹೆಜ್ಜೆ ನೀವು ಅಂದ್ಕೊಂಡ ಕಡೆನೇ ಬಿದ್ರೆ ಆಗ ಕಬ್ಬಿಣ ತನ್ನಿ. ಬೀಳದಿದ್ರೆ ಕಡ್ಡಿ ಸರಿಸಿ ಮತ್ತೆ ಮೂರು ದಿನ. ತಾಳ್ಮೆ ಇಲ್ದೋರಿಗೆ ಗುಂಡಿ ಸೆಟ್ಟೇ ಸರಿ.

ಬೇಡ ಅನ್ನಬೇಕಾದ ಜಾಗ

ಯಾರಾದ್ರೂ ನಾಯಿ ಕರ್ಕೊಂಡು ವಾಕ್ ಹೋಗೋ ದಾರಿ, ಮನೆ ಹತ್ರ, ಮಕ್ಕಳು ಬರೋ ಕಡೆ, ಇವುಗಳ ಬಗ್ಗೆ ಯೋಚನೆನೇ ಬೇಡ. ಮಂದೆ ಕಾಯೋಕೆ ಗ್ರೇಟ್ ಪಿರನೀಸ್ ಥರದ ನಾಯಿ ಸಾಕಿದ್ರೆ ಅದು ರಾತ್ರಿ ಗಸ್ತು ತಿರುಗೋ ಜಾಡು ಕಯೋಟಿ ಜಾಡಿನ ಮೇಲೇ ಹಾದಿರುತ್ತೆ. ಆ ರ‍್ಯಾಂಚಲ್ಲಿ ನಾನಾದ್ರೆ ಟ್ರ್ಯಾಪೇ ಇಡಲ್ಲ, ಒಳ್ಳೇ ಕಾವಲು ನಾಯಿ ಹತ್ತು ಟ್ರ್ಯಾಪಿಗೆ ಸಮ.

ಜಿಂಕೆ ಗೊರಸು ಕಯೋಟಿ ಹೆಜ್ಜೆಗಿಂತ ಜಾಸ್ತಿ ಇದ್ರೂ ಬಿಡಿ. ಬೇರೆ ಜಾಗ ಇಲ್ಲವೇ ಇಲ್ಲ ಅಂದ್ರೆ ಮೊಣಕಾಲೆತ್ತರಕ್ಕೆ ಒಂದು ಒಣಕೊಂಬೆ ಜಾಡಿಗೆ ಅಡ್ಡ ಹಾಕಿ, ಜಿಂಕೆ ಹಾರಿ ಹೋಗುತ್ತೆ, ಕಯೋಟಿ ಕೆಳಗೆ ತೂರುತ್ತೆ. ಕುರಿ ದನ ಸಾಲಾಗಿ ನಡೆಯೋ ದಾರಿ ಹೇಗೂ ಬೇಡ. ರಕೂನ್, ಸ್ಕಂಕ್, ಬೂದು ನರಿ ಥರದ ಹಗುರ ಪ್ರಾಣಿ ಸಿಗದ ಹಾಗೆ ಪ್ಯಾನ್ ಬಿಗಿ ಮಾಡಿಡಿ, ಮೂರು ನಾಲ್ಕು ಪೌಂಡ್ ಒತ್ತಿದ್ರೆ ಮಾತ್ರ ಇಳಿಯೋ ಹಾಗೆ. ಸತ್ತ ಕುರಿ ಬಿದ್ದಿರೋ ಹತ್ರ ಇಡ್ಬೇಡಿ, ಹದ್ದು ರಣಹದ್ದು ಇಳೀತವೆ, ಎಷ್ಟೋ ರಾಜ್ಯದಲ್ಲಿ ಅದು ಕಾನೂನಿಗೂ ವಿರುದ್ಧ. ಆ ಹೆಣಕ್ಕೆ ಬರೋ ಜಾಡು ಇರುತ್ತಲ್ಲ, ಅದನ್ನ ಹಿಡಿದು ದೂರಕ್ಕೆ ಹೋಗಿ.

ನೆಲನೂ ಜಾಗದ ಭಾಗನೇ. ಇಲ್ಲಿ ಅರ್ಧ ಅಡಿ ಕೆಳಗೆ ಬಂಡೆ, ಸರಪಳಿ ಕಟ್ಟೋ ಗೂಟ ಇಳಿಯಲ್ಲ, ಅದಕ್ಕೆ ಕೊಕ್ಕೆ ಇರೋ ಲಂಗರು ಕಟ್ಟಿ ಪಕ್ಕದ ಸೀಡರ್ ಪೊದೆಗೆ ಸಿಕ್ಕೋ ಹಾಗೆ ಬಿಡ್ತೀವಿ. ಪೊದೆನೂ ಇಲ್ಲ ಗೂಟನೂ ಇಳಿಯಲ್ಲ ಅಂದ್ರೆ ಅದು ಎಷ್ಟೇ ಒಳ್ಳೇ ಇಕ್ಕಟ್ಟಾದ್ರೂ ಬಿಟ್ಟುಬಿಡಿ. ಮಳೆ ಬಂದ್ರೆ ಈ ಬಿಳಿಮಣ್ಣು ಗಾರೆ ಥರ ಗಟ್ಟಿಯಾಗುತ್ತೆ, ಜರಡಿ ಹಿಡಿದ ಒಣಮಣ್ಣು ಬಕೆಟ್ಟಲ್ಲಿ ತಗೊಂಡ್ ಹೋಗ್ಬೇಕು, ಬಣ್ಣ ಮಾತ್ರ ಅಲ್ಲಿಯದ್ದೇ ಇರ್ಲಿ. ಟ್ರ್ಯಾಪ್ ಅಲುಗಾಡದ ಹಾಗೆ ಕೂರಿಸಿ, ತೋಡಿದ ಮಣ್ಣನ್ನ ಒಂದು ಗೋಣಿ ಮೇಲೆ ಹಾಕ್ಕೊಂಡು ದೂರ ಒಯ್ದು ಸುರೀರಿ.

ಎರೆ ಇಲ್ಲ ಅಂದ ಮಾತ್ರಕ್ಕೆ ನಿಮ್ಮ ವಾಸನೆ ಹೋಗಲ್ಲ. ರಬ್ಬರ್ ಬೂಟು, ಹೊಸ ಗ್ಲೌಸ್, ಮಂಡಿ ಊರೋಕೆ ಬಟ್ಟೆ. ಜಾಡು ಹಿಡಿದು ನಡ್ಕೊಂಡು ಹೋಗ್ಬೇಡಿ, ಪಕ್ಕದಿಂದ ಬಂದು ಪಕ್ಕದಿಂದಲೇ ವಾಪಸ್. ಹಾಗಾಗಿ ಜಾಗ ಆರಿಸುವಾಗ್ಲೇ ದೂರದಲ್ಲಿ ನಿಂತು ಬೈನಾಕ್ಯುಲರ್‌ನಲ್ಲಿ ನೋಡೋಕೆ ಆಗುತ್ತಾ ಅಂತ ನೋಡ್ಕೊಳ್ಳಿ, ದಿನಾ ಬೆಳಿಗ್ಗೆ ಹತ್ರ ಹೋಗಿ ತುಳಿದ್ರೆ ವಾರದಲ್ಲಿ ಆ ಜಾಡು ಕಯೋಟಿದಲ್ಲ, ನಿಮ್ದಾಗುತ್ತೆ.

ಕಾಲ, ತಪಾಸಣೆ

ಸೆಪ್ಟೆಂಬರಿಂದ ನವೆಂಬರ್‌ವರೆಗೆ ಆ ವರ್ಷದ ಕಯೋಟಿ ಮರಿಗಳು ಮನೆ ಬಿಟ್ಟು ಅಲೀತವೆ, ಎಲ್ಲಾ ದಾರಿಲೂ ಹೆಜ್ಜೆ ಕಾಣುತ್ತೆ, ನಾಳೆ ಅದೇ ಹೆಜ್ಜೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಜನವರಿ ಫೆಬ್ರವರಿಲಿ ಜೋಡಿ ಕಟ್ಟೋ ಕಾಲ, ಜೋಡಿ ತನ್ನ ಸೀಮೆನ ಸುತ್ತಿದ ದಾರೀಲೇ ಸುತ್ತುತ್ತೆ, ಟ್ರೇಲ್ ಸೆಟ್‌ಗೆ ಅದೇ ಒಳ್ಳೇ ಸಮಯ. ಒಂದೇ ಇಕ್ಕಟ್ಟಿನ ಎರಡು ತುದಿಗೆ ಎರಡು ಟ್ರ್ಯಾಪ್ ಇಡೋದು ಆಗಲೇ, ಸಿಕ್ಕ ಎರಡು ಪ್ರಾಣಿ ಒಂದಕ್ಕೊಂದು ತಾಗದಷ್ಟು ದೂರ ಬಿಟ್ಟು.

ಕಾನೂನು ಎಷ್ಟು ಗಂಟೆ ಅಂದ್ರೂ ನಾನು ಬೆಳಕು ಹರಿಯೋ ಹೊತ್ತಿಗೆ ಅಲ್ಲಿರ್ತೀನಿ, ಸಿಕ್ಕ ಪ್ರಾಣಿನ ಬಿಸಿಲಲ್ಲಿ ಕಾಯಿಸೋ ಹಾಗಿಲ್ಲ. ದಿನಾ ಹೋಗೋಕೆ ಆಗಲ್ಲ ಅನ್ನೋರು ಇಡಲೇಬೇಡಿ. ಸಿಕ್ಕಿದ್ದನ್ನ ಬೇಗ ನೋವಿಲ್ದೆ ಮುಗಿಸೋದು ಅನುಭವ ಇರೋರ ಕೆಲಸ, ಮೊದಲ ಸೀಸನ್ ಅಂಥೋರು ಪಕ್ಕದಲ್ಲಿರ್ಲಿ. ಬರಿಗೈಲಿ ಮುಟ್ಟೋದಂತೂ ಬೇಡ. ದಕ್ಷಿಣ ಟೆಕ್ಸಾಸಲ್ಲಿ ಕಯೋಟಿಗಳಿಗೆ ನಾಯಿ ರೇಬಿಸ್ ಹಬ್ಬಿ 1995ರಿಂದ ವಿಮಾನದಲ್ಲಿ ಲಸಿಕೆ ಉಂಡೆ ಉದುರಿಸಿ ಅದನ್ನ ತಡೆದ್ರು, ಆದ್ರೂ ಸ್ಕಂಕ್ ಬಾವಲಿಯಿಂದ ಬರೋ ರೇಬಿಸ್ ಇನ್ನೂ ಇದೆ.

ಹತ್ತು ದಿನ ಆದ್ರೂ ಏನೂ ಸಿಗದೆ ಹೆಜ್ಜೆ ಮಾತ್ರ ಪಕ್ಕದಲ್ಲಿ ಹಾದಿದ್ರೆ ಟ್ರ್ಯಾಪನ್ನ ಮುಟ್ಟಬೇಡಿ, ಕಡ್ಡಿ ಮುಟ್ಟಿ. ಒಂದು ಬೆರಳಗಲ ಸರಿಸಿ. ಹೆಜ್ಜೆನೇ ಇಲ್ಲ ಅಂದ್ರೆ ಎತ್ಕೊಂಡು ಮ್ಯಾಪಲ್ಲಿ ಸುತ್ತು ಹಾಕಿದ ಮುಂದಿನ ಜಾಗಕ್ಕೆ ನಡೀರಿ. ಇಟ್ಟ ದಿನವೇ ಪ್ರತಿಯೊಂದನ್ನೂ ಫೋನಲ್ಲಿ ಗುರುತು ಮಾಡ್ಕೊಂಡಿರಿ, ಘಮ ಇಲ್ಲದ, ಗುಂಡಿ ಇಲ್ಲದ ಸೆಟ್ ಅಂದ್ರೆ ಇಟ್ಟೋರಿಗೂ ಕಾಣಲ್ಲ. ಸೀಸನ್ ಮುಗಿದ ದಿನ ನಾನು ಯಜಮಾನರ ಕೊಟ್ಟಿಗೆ ಬಾಗಿಲಲ್ಲಿ ಟ್ರ್ಯಾಪನ್ನೆಲ್ಲ ಸಾಲಾಗಿ ನೇತು ಹಾಕಿ ಎಣಿಸ್ತೀನಿ, ತಗೊಂಡ್ ಹೋದಷ್ಟು ವಾಪಸ್ ಬಂದಿಲ್ಲ ಅಂದ್ರೆ ಟಾರ್ಚ್ ತಗೊಂಡು ಮತ್ತೆ ಹೊರಡೋದೇ.